ಬರ ಬೇರೆ, ಹಸಿವು ಬೇರೆ



ಕನ್ನಡದಲ್ಲಿ ‘ಬರ’ ಎಂಬ ಒಂದೇ ಮಾತಿನಿಂದ ನಾವು ಎರಡು ಸಂಕಟಗಳನ್ನು ಹೇಳುತ್ತೇವೆ. ಮಳೆ ಬಾರದಿದ್ದರೂ ಬರ, ಉಣ್ಣಲು ಇಲ್ಲದಿದ್ದರೂ ಬರ. ಉರ್ದುವಿನ ‘ಕಹತ್’ ಕೂಡ ಹಾಗೆಯೇ. ಅರಬಿಯಲ್ಲಿ ಅದು ಮಳೆ ನಿಂತುಹೋಗುವುದನ್ನು ಸೂಚಿಸುವ ಪದ. ನಮ್ಮ ಮನೆಗಳಲ್ಲಿ ಅನ್ನವಿಲ್ಲದ ಕಾಲಕ್ಕೆ ಅದೇ ಹೆಸರಾಗಿದೆ. ಮಳೆಯ ಕೊರತೆಯನ್ನಷ್ಟೇ ಹೇಳಲು ‘ಖುಷ್ಕ್‌ಸಾಲಿ’ ಎಂಬ ಬೇರೆ ಮಾತೇನೋ ಇದೆ, ಆದರೆ ಅದು ಪುಸ್ತಕದ ಮಾತು. ಎರಡೂ ಭಾಷೆಗಳನ್ನು ಮಕ್ಕಳಿಗೆ ಕಲಿಸುವ ನನಗೆ ಈ ಪದಗಳನ್ನು ಹಲಗೆಯ ಮೇಲೆ ಬರೆದಾಗಲೆಲ್ಲ ಒಂದು ಅನುಮಾನ ಕಾಡುತ್ತದೆ. ಮಳೆ ಮತ್ತು ಅನ್ನ ಒಂದೇ ಪದದೊಳಗೆ ಸೇರಿಕೊಂಡಿರುವುದರಿಂದ, ಮಳೆ ಬಾರದ ವರ್ಷ ಬಡವರು ಸಾಯುವುದು ಸಹಜವೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆಯೇ?

ಇವೆರಡೂ ಬೇರೆ ಬೇರೆ ಎಂದು ನಮ್ಮ ನಾಡಿಗೆ ಬಹಳ ದೊಡ್ಡ ಬೆಲೆ ತೆರಿಸಿ ಕಲಿಸಿದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರಕ್ಕೂ ಮುಂದುವರಿದದ್ದರಿಂದ ಹಳೆಯ ಮೈಸೂರು ಸೀಮೆಯ ಹಿರಿಯರು ಇದನ್ನು ‘ಧಾತು ಈಶ್ವರ ಬರ’ ಎಂದು ಕರೆದರು. ಇದನ್ನು ಉತ್ತರ ಕರ್ನಾಟಕದವರು ನೆನೆಯುವ ‘ಡೋಗಿ ಬರ’ದೊಂದಿಗೆ ಬೆರೆಸಬಾರದು. ಅದು 1791-92ರದು. ಆಗ ಮೂರನೆಯ ಮೈಸೂರು ಯುದ್ಧ ನಡೆದಿತ್ತು, ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದಿತ್ತು, ಸೈನ್ಯಗಳು ನಡೆದ ದಾರಿಯಲ್ಲೇ ಮಳೆಯೂ ಕೈಕೊಟ್ಟಿತ್ತು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. ಆದರೆ ಧಾತು ಈಶ್ವರ ಬರದ ಕಾಲದಲ್ಲಿ ನಮ್ಮ ನಾಡಿನಲ್ಲಿ ಯುದ್ಧವಿರಲಿಲ್ಲ. ಸರ್ಕಾರವಿತ್ತು, ಅಂಚೆಯಿತ್ತು, ತಂತಿಯಿತ್ತು, 1864ರಿಂದ ಬೆಂಗಳೂರಿಗೆ ಮದರಾಸಿನ ರೈಲೂ ಇತ್ತು. ಇಷ್ಟೆಲ್ಲ ಇದ್ದೂ ಏನಾಯಿತು ಎಂಬುದೇ ಇಲ್ಲಿ ಯೋಚಿಸಬೇಕಾದ ವಿಷಯ.

ಮೊದಲು ಹಗೇವಿನ ವಿಷಯ ಹೇಳಬೇಕು. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಈ ಪದವನ್ನೇ ಕೇಳಿರಲಿಕ್ಕಿಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಕಾಳು ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿಯೇ ಹಗೇವು. ನೀರು ಬಸಿಯದ ಗಟ್ಟಿ ನೆಲ ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟು, ಒಳಗೆ ಗುಡಾಣದ ಹಾಗೆ ಅಗಲ ಮಾಡುತ್ತಿದ್ದರು. ತಳಕ್ಕೂ ಸುತ್ತಲಿಗೂ ಹುಲ್ಲು ಕೊಟ್ಟು ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಇಳಿಯಬೇಕು. ಅವಸರ ಮಾಡಿದವರು ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಳ್ಳುತ್ತಿದ್ದರು. ರಾಗಿಗೆ ಹುಳು ಹಿಡಿಯುವುದು ಅಪರೂಪ, ಹಗೇವಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತಿತ್ತು. ಒಂದು ವರ್ಷ ಮಳೆ ಹೋದರೂ ಊರು ನಿಂತಿದ್ದು ಈ ಗುಂಡಿಗಳ ಬಲದಿಂದ. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಬಂದ ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯನೂ ಈ ಕಾಳಿನ ಗುಂಡಿಗಳನ್ನು ಗಮನಿಸಿ ಬರೆದಿಟ್ಟಿದ್ದಾನೆ.

ಆದರೆ ಹಗೇವು ಯಾರದು? ಹೊಲವಿದ್ದವರದು. ಊರಿನಲ್ಲಿ ಹೊಲವಿಲ್ಲದವರು ಬೇಕಾದಷ್ಟು ಮಂದಿ ಇದ್ದರು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಬರುತ್ತಿತ್ತು. ಕೂಲಿಯವರಿಗೆ ಕೆಲಸ ಮಾಡಿದ ದಿನದ ಕಾಳು. ನೇಕಾರರು ಬಟ್ಟೆ ಮಾರಿ ಕಾಳು ಕೊಳ್ಳುತ್ತಿದ್ದರು. ಮನೆಮನೆಗೆ ಬಿಲ್ಲು ಹೊತ್ತು ಹೋಗಿ ಹತ್ತಿ ಹಿಂಜುತ್ತಿದ್ದ ಪಿಂಜಾರರು, ಬಳೆ ಮಾರುವವರು, ಪಾತ್ರೆಗೆ ಕಲಾಯಿ ಹಾಕುವವರು ಇವರೆಲ್ಲರ ಪಾಡೂ ಇದೇ. ನಮ್ಮ ಹಳ್ಳಿಗಳ ಮುಸಲ್ಮಾನರಲ್ಲಿ ಬಹುಪಾಲು ಜನ ಯಾವ ಸಾಲಿನಲ್ಲಿದ್ದರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯೇ ಇಲ್ಲದಿದ್ದರೆ ಆಯವೆಲ್ಲಿ? ತಿನ್ನಲು ಇಲ್ಲದ ವರ್ಷ ಹೊಸ ಸೀರೆ ಕೊಳ್ಳುವವರು ಯಾರು, ಹಾಸಿಗೆಗೆ ಹತ್ತಿ ಹಿಂಜಿಸುವವರು ಯಾರು? ರೈತನ ಹಗೇವು ಬರಿದಾಗುವುದಕ್ಕೆ ಎಷ್ಟೋ ಮೊದಲೇ ಇವರ ಒಲೆ ಆರಿರುತ್ತಿತ್ತು.

1875ರಲ್ಲಿ ಮಳೆ ಕಡಿಮೆಯಾಯಿತು. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. 1877ರ ಮುಂಗಾರೂ ಸಕಾಲಕ್ಕೆ ಬರಲಿಲ್ಲ. 1877-78ರಲ್ಲಿ ಪೆಸಿಫಿಕ್ ಸಾಗರದಲ್ಲಿ ಬಲು ಪ್ರಬಲವಾದ ಎಲ್ ನಿನೋ ಇದ್ದಿತೆಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ಚೀನಾ ಮತ್ತು ಬ್ರೆಜಿಲ್ ದೇಶಗಳಲ್ಲಿಯೂ ಅದೇ ಸಮಯದಲ್ಲಿ ಜನ ಹಸಿವಿನಿಂದ ಸತ್ತರು. ನಮ್ಮಲ್ಲಿ ಮೈಸೂರು ಸಂಸ್ಥಾನ, ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಕಲಾದಗಿ (ಈಗಿನ ವಿಜಯಪುರ, ಬಾಗಲಕೋಟೆ), ನಿಜಾಮರ ರಾಜ್ಯದ ಭಾಗಗಳು, ಹೀಗೆ ಕನ್ನಡ ನಾಡಿನ ಬಯಲೆಲ್ಲವೂ ಬರಕ್ಕೆ ಸಿಕ್ಕಿತು. ಮಲೆನಾಡು ಮಾತ್ರ ಬಹುಮಟ್ಟಿಗೆ ಪಾರಾಯಿತು.

ಇಲ್ಲಿಯವರೆಗಿನದು ಮಳೆಯ ಕಥೆ. ಮುಂದಿನದು ಮನುಷ್ಯರ ಕಥೆ.

ಬೆಂಗಳೂರಿಗೆ ರೈಲಿನಲ್ಲಿ ಧಾನ್ಯ ಬರುತ್ತಿತ್ತು. ಆಗ ರೈಲು ಬೆಂಗಳೂರಿನಲ್ಲೇ ಮುಗಿಯುತ್ತಿತ್ತು, ಅಲ್ಲಿಂದಾಚೆಗೆ ಎತ್ತಿನ ಗಾಡಿ. ಮೇವು ನೀರಿಲ್ಲದೆ ಎತ್ತುಗಳು ಸತ್ತುಹೋಗಿದ್ದವು. ನಿಲ್ದಾಣದಲ್ಲಿ ಇಳಿದ ಮೂಟೆ ತುಮಕೂರು, ಚಿತ್ರದುರ್ಗದ ಹಳ್ಳಿಗೆ ತಲುಪಬೇಕಾದರೆ ಬಾಡಿಗೆಯೇ ದುಬಾರಿ. ತಲುಪಿದರೂ ಅದನ್ನು ಕೊಳ್ಳಲು ಕೂಲಿಯವನ ಕೈಯಲ್ಲಿ ಕಾಸಿಲ್ಲ, ಏಕೆಂದರೆ ಮಳೆಯಿಲ್ಲದ ಹೊಲದಲ್ಲಿ ಕಳೆ ಕೀಳುವ ಕೆಲಸವೂ ಇಲ್ಲ, ಕೊಯ್ಲಿನ ಕೆಲಸವೂ ಇಲ್ಲ. ವ್ಯಾಪಾರಿಗೆ ಮಾತ್ರ ಧಾನ್ಯ ಯಾವ ಕಡೆ ಹೆಚ್ಚು ಬೆಲೆಗೆ ಹೋಗುತ್ತದೆಂದು ತಂತಿಯ ಮೂಲಕ ಅಂದಂದೇ ತಿಳಿಯುತ್ತಿತ್ತು. ರೈಲು ಬಂದರೆ ಕ್ಷಾಮ ಹೋಗುತ್ತದೆಂದು ಪಾಠಪುಸ್ತಕಗಳಲ್ಲಿ ಓದಿದ್ದೇವೆ. ರೈಲು ಧಾನ್ಯವನ್ನು ಹಸಿವಿರುವ ಕಡೆಗೆ ಒಯ್ಯುವುದಿಲ್ಲ, ಹಣವಿರುವ ಕಡೆಗೆ ಒಯ್ಯುತ್ತದೆ. ಭಾರತದ ಗೋಧಿ ಆ ವರ್ಷಗಳಲ್ಲಿಯೂ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ವೈಸ್‌ರಾಯ್ ಲಾರ್ಡ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ಭಾರಿ ದರ್ಬಾರು ನಡೆಸಿದರು. ದಕ್ಷಿಣದಲ್ಲಿ ಜನ ಊರು ಬಿಟ್ಟು ಗುಳೆ ಹೊರಟಿದ್ದ ದಿನಗಳವು. ಧಾನ್ಯದ ಬೆಲೆಯನ್ನು ಇಳಿಸಲು ಸರ್ಕಾರ ಕೈಹಾಕಬಾರದು, ವ್ಯಾಪಾರ ತನ್ನ ಪಾಡಿಗೆ ನಡೆಯಬೇಕು ಎಂಬುದು ಅವರ ನೀತಿ. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಅವರ ಸರ್ಕಾರ ಒಂದು ಖಾಸಗಿ ಕಂಪನಿಯ ಮೂಲಕ ಗುಟ್ಟಾಗಿ 30,000 ಟನ್ ಧಾನ್ಯ ಕೊಂಡಾಗ ಮೇಲಿನಿಂದ ಆಕ್ಷೇಪವೇ ಬಂತು.

ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳ ಪರಿಹಾರ ಕಾರ್ಯವನ್ನು ನೋಡಲು ಲಿಟ್ಟನ್ ಕಳುಹಿಸಿದ್ದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು. ಈತನ ಕಥೆ ವಿಚಿತ್ರ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ತರಿಸಿ ಹಂಚಿದ್ದ, ಅಲ್ಲಿ ಹಸಿವಿನಿಂದ ಸತ್ತವರು ತೀರಾ ವಿರಳ. ಜನ ಉಳಿದದ್ದಕ್ಕೆ ಮೆಚ್ಚುಗೆ ಸಿಗಬೇಕಿತ್ತು, ಸಿಕ್ಕಿದ್ದು ದುಂದುವೆಚ್ಚದ ನಿಂದೆ. ಮೂರು ವರ್ಷದ ನಂತರ ದಕ್ಷಿಣಕ್ಕೆ ಬಂದಾಗ ಆತ ತಾನು ಎಷ್ಟು ಬಿಗಿಯಾಗಿರಬಲ್ಲೆ ಎಂದು ತೋರಿಸಲು ಹೊರಟಂತಿತ್ತು. ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ತೀರ್ಮಾನಿಸಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗೂ ಕಡಿಮೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ‘ಟೆಂಪಲ್ ಕೂಲಿ’ ಎಂಬ ಹೆಸರೇ ನಿಂತಿದೆ.

ಈ ಕೂಲಿಯನ್ನು ಎದುರಿಸಿದ ಒಬ್ಬ ಸರ್ಕಾರಿ ನೌಕರನ ಹೆಸರನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಆತ ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಶ್. ವೈದ್ಯನಾದ್ದರಿಂದ ಆತ ದಯೆ ದಾಕ್ಷಿಣ್ಯದ ಮಾತಾಡಲಿಲ್ಲ, ಲೆಕ್ಕದ ಮಾತಾಡಿದ. ಮದರಾಸಿನ ಜೈಲುಗಳಲ್ಲಿ ಕಠಿಣ ಶಿಕ್ಷೆಯ ಕೈದಿಗೆ ಕೊಡುವ ಆಹಾರ ಇದಕ್ಕಿಂತ ಹೆಚ್ಚಿದೆ, ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಜೊತೆಗೆ ಬೇಳೆ ತರಕಾರಿ ಬೇಕು ಎಂದು ವಾದಿಸಿದ. ಕೂಲಿಗಳು ಹೇಗೆ ಸೊರಗುತ್ತಿದ್ದಾರೆಂದು ಅಂಕಿಅಂಶ ಮುಂದಿಟ್ಟ. ಇತ್ತ ಮುಂಬಯಿ ಪ್ರಾಂತ್ಯದಲ್ಲಿ ಕೂಲಿ ಕಡಿತಗೊಂಡಾಗ ಸಾವಿರಾರು ಜನ ಕಾಮಗಾರಿಯನ್ನೇ ಬಿಟ್ಟು ಹೊರನಡೆದರು; ಅವರ ಪರವಾಗಿ ಪುಣೆಯ ಸಾರ್ವಜನಿಕ ಸಭೆ ಸರ್ಕಾರಕ್ಕೆ ಬರೆದುಕೊಂಡಿತು. ಹಸಿದ ಮನುಷ್ಯ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾನೆ ಎಂದು ತಿಳಿದವರು ಇದನ್ನು ಓದಬೇಕು. 1877ರಲ್ಲಿ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಸಾಯುವವರು ಬಹಳ ಮಂದಿ ಸತ್ತಿದ್ದರು.

ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಇಲ್ಲಿ ನಡೆದದ್ದು ಬೇರೆ ರೀತಿ. ಕಾಮಗಾರಿಗಳು ಸಾಲಷ್ಟು ಇರಲಿಲ್ಲ, ಗಂಜಿ ಕೇಂದ್ರಗಳೇ ಹೆಚ್ಚು. ಹಳ್ಳಿಯಲ್ಲಿ ದಾರಿ ಕಾಣದವರು ಪಟ್ಟಣದ ಗಂಜಿ ಕೇಂದ್ರಕ್ಕೆ ನಡೆದು ಬಂದರು, ಬೆಂಗಳೂರಿನ ರಸ್ತೆಗಳಲ್ಲಿಯೇ ಬಿದ್ದು ಸತ್ತರು. ಜಾತಿ ಕೆಡುತ್ತದೆಂದು ಗಂಜಿ ಮುಟ್ಟದೆ ಪ್ರಾಣಬಿಟ್ಟವರೂ ಇದ್ದರು. ಕಿಕ್ಕಿರಿದ ಶಿಬಿರಗಳಲ್ಲಿ ಕಾಲರಾ, ಆಮಶಂಕೆ ಹರಡಿ ಗಂಜಿ ಕುಡಿದವರನ್ನೂ ಒಯ್ದವು. 1877ರ ಆಗಸ್ಟ್ ಕೊನೆಗೆ ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದರು. ಆ ಬಳಿಕ ಸಿ. ಎ. ಎಲಿಯಟ್ ಎಂಬುವರನ್ನು ಮೈಸೂರಿನ ಕ್ಷಾಮ ಕಮಿಷನರರನ್ನಾಗಿ ನೇಮಿಸಲಾಯಿತು. ಶಕ್ತಿಯಿದ್ದವರನ್ನು ಗಂಜಿ ಕೇಂದ್ರದಿಂದ ಬಿಡಿಸಿ ಕೆಲಸಕ್ಕೆ ಹಚ್ಚಿದರು. ಬೆಂಗಳೂರು–ಮೈಸೂರು ರೈಲು ಹಾದಿಯ ಮಣ್ಣಿನ ಕೆಲಸ ಅಂಥ ಕಾಮಗಾರಿಗಳಲ್ಲಿ ಒಂದು. ಆ ಹಾದಿ 1882ರಲ್ಲಿ ಮೈಸೂರು ಮುಟ್ಟಿತು. ಇಂದು ಹಳಿಗಳು ಬದಲಾಗಿವೆ, ಜೋಡಿ ಮಾರ್ಗವಾಗಿದೆ. ಆದರೂ ರಾಮನಗರ, ಚನ್ನಪಟ್ಟಣದ ಕಡೆ ರೈಲಿನಲ್ಲಿ ಹೋಗುವಾಗ ಆ ದಾರಿಗೆ ಮೊದಲು ಬುಟ್ಟಿಯಲ್ಲಿ ಮಣ್ಣು ಹೊತ್ತವರು ಯಾರೆಂದು ನೀವು ಊಹಿಸಿಕೊಳ್ಳಬಹುದು.

ಈಗ ಜನಗಣತಿಯನ್ನು ನೋಡೋಣ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಹೆಚ್ಚಾಗಬೇಕಿದ್ದ ಜನ 8,69,224ರಷ್ಟು ಕಡಿಮೆಯಾದರು, ಎಂದರೆ ನೂರಕ್ಕೆ ಹದಿನೇಳು. ನಡುವೆ ಹುಟ್ಟಿದವರನ್ನೂ ಲೆಕ್ಕ ಹಿಡಿದು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜು. ಇಡೀ ದಕ್ಷಿಣದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಮಕ್ಕಳಿಗೆ ಈ ಲೆಕ್ಕ ತಿಳಿಸಲು ನಾನು ತರಗತಿಯ ಹಾಜರಿ ಪುಸ್ತಕ ತೆರೆದು ಪ್ರತಿ ಐದನೆಯ ಹೆಸರಿನ ಮೇಲೆ ಬೆರಳಿಡುತ್ತೇನೆ. ಆಮೇಲೆ ಹೆಚ್ಚು ವಿವರಿಸಬೇಕಾಗುವುದಿಲ್ಲ. 1881ರ ಮಾರ್ಚ್ 25ರಂದು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದಾಗ ದಿವಾನ್ ರಂಗಾಚಾರ್ಲು ಅವರ ಪಾಲಿಗೆ ಬಂದದ್ದು ಬರಿದಾದ ಖಜಾನೆ ಮತ್ತು ಭಾರತ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿ ಸಾಲ. ಕ್ಷಾಮದ ಖರ್ಚನ್ನು ಕ್ಷಾಮದಲ್ಲಿ ಉಳಿದವರೇ ತೀರಿಸಬೇಕಾಯಿತು!

ಕ್ಷಾಮದ ನಂತರ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ಕುಳಿತು 1880ರಲ್ಲಿ ವರದಿ ಕೊಟ್ಟಿತು. ಬ್ರಿಟಿಷ್ ಅಧಿಕಾರಿಗಳ ಆ ವರದಿಯೇ ಒಂದು ಸತ್ಯವನ್ನು ಒಪ್ಪಿಕೊಂಡಿದೆ. ಮಳೆ ಹೋದಾಗ ಮೊದಲು ಇಲ್ಲವಾಗುವುದು ಕೆಲಸ ಮತ್ತು ಕೂಲಿ. ದೇಶದಲ್ಲಿ ಒಟ್ಟಾರೆ ಧಾನ್ಯ ಇದ್ದರೂ ಕೂಲಿಯಿಲ್ಲದವನಿಗೆ ಅದು ದಕ್ಕುವುದಿಲ್ಲ. ಇದರ ಆಧಾರದ ಮೇಲೆ 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಹಳ್ಳಿಯ ಮಟ್ಟದಿಂದ ಬರದ ಸೂಚನೆ ಹೇಗೆ ಮೇಲೆ ಹೋಗಬೇಕು, ಯಾವಾಗ ಕಾಮಗಾರಿ ತೆರೆಯಬೇಕು, ದುಡಿಯಲಾಗದವರನ್ನು ಹೇಗೆ ಸಲಹಬೇಕು ಎಂಬುದೆಲ್ಲ ಇಂಥ ಸಂಹಿತೆಗಳಲ್ಲಿ ಬಂತು. ನೇಕಾರರ ವಿಷಯವೂ ಪ್ರತ್ಯೇಕವಾಗಿ ಬಂತು. ಮಗ್ಗದ ಕೈ ಗುದ್ದಲಿ ಹಿಡಿದರೆ ಕೆಲಸವೂ ಆಗದು, ಕಸುಬೂ ಕೆಡುತ್ತದೆ. ಅವರಿಗೆ ನೂಲು ಕೊಟ್ಟು ಬಟ್ಟೆಯನ್ನು ಸರ್ಕಾರವೇ ಕೊಳ್ಳುವುದು ಲೇಸು ಎಂಬ ತಿಳಿವಳಿಕೆ ಆ ಬರದಿಂದ ಬಂದದ್ದು. ಆದರೂ 1896-97ರಲ್ಲಿ, 1899-1900ರಲ್ಲಿ ಮತ್ತೆ ಜನ ಸತ್ತರು. ಸಂಹಿತೆ ಪುಸ್ತಕದಲ್ಲಿತ್ತು, ಆದರೆ ಕೊಡುವುದೂ ಬಿಡುವುದೂ ಸರ್ಕಾರದ ಇಷ್ಟವಾಗಿತ್ತು.

1943ರ ಬಂಗಾಳದಲ್ಲಿ ಬರವೇ ಇರಲಿಲ್ಲ, ಯುದ್ಧಕಾಲದ ಬೆಲೆಯೇರಿಕೆ ಇತ್ತು. ಹಳ್ಳಿಯ ಕೂಲಿಗಳು, ಮೀನುಗಾರರು ಲಕ್ಷಗಟ್ಟಲೆ ಸತ್ತರು. ಅದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡ ಅಮರ್ತ್ಯ ಸೇನ್ 1981ರಲ್ಲಿ ಬಡತನ ಮತ್ತು ಕ್ಷಾಮಗಳ ಕುರಿತ ತಮ್ಮ ಪುಸ್ತಕದಲ್ಲಿ ಈ ವಿಷಯವನ್ನು ಜಗತ್ತು ಒಪ್ಪುವಂತೆ ವಿವರಿಸಿದರು. ಆಹಾರ ಇರುವುದು ಒಂದು, ಅದನ್ನು ಪಡೆಯುವ ಅಧಿಕಾರ ಇರುವುದು ಇನ್ನೊಂದು.

ಸ್ವಾತಂತ್ರ್ಯದ ನಂತರ ಅಂಥ ಮಹಾಕ್ಷಾಮ ನಮ್ಮ ನಾಡಿಗೆ ಬರಲಿಲ್ಲ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು, 1965ರಲ್ಲಿ ಭಾರತ ಆಹಾರ ನಿಗಮ ಬಂತು, ನ್ಯಾಯಬೆಲೆ ಅಂಗಡಿಗಳು ಹಳ್ಳಿಯವರೆಗೆ ತಲುಪಿದವು. ಆದರೆ 2001ರಲ್ಲಿ ಏನಾಯಿತೆಂದು ನೋಡಿ. ದೇಶದ ಸರ್ಕಾರಿ ಗೋದಾಮುಗಳಲ್ಲಿ ಐದು ಕೋಟಿ ಟನ್ನಿಗೂ ಮೀರಿ ಧಾನ್ಯ ತುಂಬಿತ್ತು. ಅದೇ ಹೊತ್ತಿಗೆ ರಾಜಸ್ಥಾನ ಮೊದಲಾದ ಕಡೆ ಬರಪೀಡಿತ ಹಳ್ಳಿಗಳಲ್ಲಿ ಮನೆಮಂದಿ ಸರದಿಯ ಮೇಲೆ ಉಣ್ಣುತ್ತಿದ್ದರು. ಬೆಂಗಳೂರಿನ ನಿಲ್ದಾಣದಲ್ಲಿ ಬಿದ್ದಿದ್ದ 1877ರ ಮೂಟೆಗಳಿಗೂ ಇದಕ್ಕೂ ನನಗೇನೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ನವೆಂಬರ್ 28ರಂದು ನ್ಯಾಯಾಲಯ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರ ಜೂನ್ ತಿಂಗಳಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ಅವುಗಳಲ್ಲಿ ಬಳ್ಳಾರಿ ಇತ್ತು, ಹಳೆಯ ಕಲಾದಗಿಯ ಬಿಜಾಪುರ, ಬಾಗಲಕೋಟೆ ಇದ್ದವು, ರಾಯಚೂರು ಕೊಪ್ಪಳ ಇದ್ದವು. ಹಸಿವಿನ ನಕ್ಷೆ ನೂರಿಪ್ಪತ್ತೈದು ವರ್ಷಗಳಲ್ಲಿ ಹೆಚ್ಚೇನೂ ಜರುಗಿರಲಿಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವನ್ನು ಹಕ್ಕಾಗಿ ಮಾಡಿತು. ಮೊದಲ ಹಂತದಲ್ಲಿ ರಾಜ್ಯದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. 2013ರಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಬಂತು, ಅದೇ ವರ್ಷ ಸಂಸತ್ತು ಆಹಾರ ಭದ್ರತಾ ಕಾಯ್ದೆಯನ್ನು ಅಂಗೀಕರಿಸಿತು. ಟೆಂಪಲ್ ಕೂಲಿ ಅಧಿಕಾರಿಯ ಕೃಪೆಯಾಗಿತ್ತು, ಇವು ಕಾಯ್ದೆಯ ಮಾತು. ಪಡೆಯುವವರಿಗೆ ಈ ಭೇದ ತಿಳಿದಿರಬೇಕು. ಇದನ್ನು ಹೇಳಲು ಕಾರಣವಿದೆ. ಗುಳೆ ಹೋಗುವ ಮನೆಯ ಮಕ್ಕಳ ಹೆಸರು ಪಡಿತರ ಚೀಟಿಯಲ್ಲಿ ಬಿಟ್ಟುಹೋಗಿರುವುದನ್ನು, ದುಡಿದು ಬೆರಳ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪದೆ ಆಕೆ ಬರಿಗೈಯಲ್ಲಿ ಮನೆಗೆ ಹೋದದ್ದನ್ನು ನಾನು ನೋಡಿದ್ದೇನೆ. ಆಕೆ ತನ್ನ ಹಣೆಬರಹವೆಂದು ಹೋದಳು. ಅರ್ಜಿ ಬರೆದುಕೊಡುವವರು ಪಕ್ಕದಲ್ಲಿದ್ದಿದ್ದರೆ ಹಾಗೆ ಹೋಗಬೇಕಾಗಿರಲಿಲ್ಲ. ನಮ್ಮಂಥ ವಿದ್ಯಾ ಸಂಸ್ಥೆಗಳ ಯುವಕರಿಗೆ ರಜೆಯ ದಿನಗಳಲ್ಲಿ ಇದಕ್ಕಿಂತ ಹತ್ತಿರದ ಕೆಲಸ ನನಗೆ ಕಾಣದು.

ಇನ್ನೊಂದು ಕೋರಿಕೆ. ನಿಮ್ಮ ಊರಿನಲ್ಲಿ ಹಗೇವುಗಳಿದ್ದ ಜಾಗಗಳನ್ನು ಬಲ್ಲ ಹಿರಿಯರು ಒಬ್ಬಿಬ್ಬರಾದರೂ ಇರುತ್ತಾರೆ. ಈ ಬೇಸಿಗೆಯಲ್ಲಿ ಅವರನ್ನು ಕೇಳಿ ಬರೆದುಕೊಳ್ಳಿ: ಯಾವ ಮನೆಯವರಿಗೆ ಹಗೇವು ಇತ್ತು, ಎಷ್ಟು ಪಲ್ಲ ಕಾಳು ಹಿಡಿಯುತ್ತಿತ್ತು, ಕಷ್ಟದ ವರ್ಷ ಅದನ್ನು ಯಾರಿಗೆ ತೆರೆದರು, ಸಾಲವಾಗಿ ಕೊಟ್ಟರೋ ಕೂಲಿಯಾಗಿ ಕೊಟ್ಟರೋ. ಹಗೇವು ಇಲ್ಲದ ಮನೆಗಳು ಯಾವುವು, ಆ ವರ್ಷ ಅವರು ಏನು ತಿಂದರು ಎಂಬುದನ್ನೂ ಮರೆಯದೆ ಕೇಳಿ.